ಚಕ್ಕುಬಂದಿ

ನಾ ಈ ಊರಾಗ ನೀರು ಬಿಡಾಂವ, ಇಪ್ಪತ್ತೆರಡು ವರ್ಷ ಆತು.
ಸೋಮವಾರ ಮ್ಯಾಲಿನ ಓಣಿ, ಮಂಗಳವಾರ ಕೆಳಗಿನ ಓಣಿ,
ಬುಧವಾರ ಕರೆಂಟ್ ಇದ್ರ ಎಲ್ಲಾರಿಗೂ.
ವಾಲ್ವಿನ ಕೀಲಿ ಹೆಗಲಿಗೆ ಇಟಗೊಂಡು ಹೊಂಟ್ನೆಂದ್ರ
ಕೊಡದ ಸಪ್ಪಳ ನನಗಿಂತ ಮುಂದ ಹೋಗತಿತ್ತು.

ಆ ರಾತ್ರಿ ನೀರು ನಾ ಬಿಟ್ಟಿದ್ದಲ್ಲ.
ಬೆಣ್ಣಿಹಳ್ಳ ತಾನ ಬಂತು,
ಕೀಲಿ ಕೇಳಲಿಲ್ಲ, ವಾರ ಕೇಳಲಿಲ್ಲ.
ಮುಂಜಾನೆ ಮಣ್ಣಿನ ಮಾಳಗಿಗಳು
ಹಾಲಾಗ ಮುರಿದ ರೊಟ್ಟಿ ಹಂಗ
ಮೆತ್ತಗಾಗಿ ಕುಂತಿದ್ವು.

ರೊಕ್ಕ ಲಗೂನ ಬಂತು, ಸುಳ್ಳು ಯಾಕ ಹೇಳ್ಲಿ.
ಕಟ್ಟಾಕ ಮಾತ್ರ ಪರವಾನಗಿ ಬೇಕಂದ್ರು.
ಪರವಾನಗಿಗೆ ಉತಾರ, ಉತಾರಕ್ಕ ನಕಾಶೆ,
ನಕಾಶೆಗೆ ಚಕ್ಕುಬಂದಿ.
ನಿಂಬೆವ್ವ ಫಾರಂ ತಂದು ನನ್ನ ಕಡೆ ಓದಿಸಿದ್ಲು.

ಪೂರ್ವಕ್ಕ? ಮಾನಪ್ಪ ಕಮ್ಮಾರನ ಗ್ವಾಡಿ.
ಅದು ಈಗ ಹೊಳಿಯಾಗ.
ಪಶ್ಚಿಮಕ್ಕ? ಬೇವಿನ ಗಿಡ.
ಬೇರು ಮ್ಯಾಲ ಮಾಡಿ ಮಲಗೇತಿ.
ಉತ್ತರಕ್ಕ? ಹಗೇವು. ಎಲ್ಲಿ ಬಾಯಿ, ಎಲ್ಲಿ ನೆಲ, ಎಲ್ಲಾ ಒಂದ ಕೆಸರು.
ದಕ್ಷಿಣಕ್ಕ?
"ಹಳ್ಳ ಅಂತ ಬರಕೋ ಮೌಲಾಲಿ," ಅಂದ್ಲು,
"ಅದೊಂದು ಇದ್ದಲ್ಲೇ ಐತಿ."

ಬಿದ್ದ ಮಣ್ಣು ತೆಗೀಬ್ಯಾಡ್ರಿ, ಫೋಟೋ ಆಗಬೇಕು, ಅಂದ ಒಬ್ಬ.
ಫೋಟೋ ಆತು, ಇನ್ನೊಮ್ಮೆ ಆಗಬೇಕು, ಅಂದ ಇನ್ನೊಬ್ಬ.
ನಿಂಬೆವ್ವನ ಒಲಿ ಇದ್ದಲ್ಲಿ ಔಡಲ ಹುಟ್ಟಿ
ಮಳ ಎತ್ತರ ಆತು.
ತಗಡಿನ ಶೆಡ್ಡಿನಾಗ ಬ್ಯಾಸಗಿ ಬೆಂದು ಹೋತು.
ತಳಪಾಯದ ರೊಕ್ಕದಾಗ ಅರ್ಧ
ಜೋಳ ಆತು, ಗುಳಿಗಿ ಆತು,
ರೋಣಕ್ಕ ಹೋಗಿ ಬರೂ ಬಸ್ಸಿನ ಚೀಟಿ ಆತು.

ಎಂಟನೇ ತಿಂಗಳಿಗೆ ಹೊಸಾ ಪಿಡಿಓ ಬಂದ್ರು, ಕಸ್ತೂರಿ ಮೇಡಂ.
ಫೈಲು ಕಟ್ಟಿ ಮುಚ್ಚಿಟ್ಟು ನನ್ನ ಕೇಳಿದ್ರು:
"ನಲ್ಲಿ ಎಲ್ಲೆಲ್ಲಿ ಇದ್ವು, ನೆನಪೈತೇನು?"

ನೆನಪಂದ್ರೇನ್ರಿ, ಪಾದಕ್ಕ ಗೊತ್ತೈತಿ.
ಸಲಿಕಿ ಹಿಡದು ಹೊಂಟೆ. ಗೇಣು ಕೆಸರಿನ ಕೆಳಗ
ಪೈಪಿನ ಬಾಯಿ ಸಿಕ್ತು, ಸೈಕಲ್ ಟ್ಯೂಬ್ ಸುತ್ತಿದ್ದು.
"ಇದು ನಿಂಬೆವ್ವಂದು. ಸೋರತಿತ್ತು, ಸುತ್ತಿದಾಂವ ನಾನ."
ನಲ್ಲಿಯಿಂದ ಹೊಸ್ತಿಲಿಗೆ ಎರಡು ಹೆಜ್ಜಿ,
ಹೊಸ್ತಿಲಿಂದ ಗ್ವಾಡಿಗೆ ಆರು.
ಸರ್ವೇದಾಂವ ಟೇಪು ಹಿಡದ.
ನಾಕು ಊರಾಗಿದ್ದ ನಾಕು ಸಹಿ
ಶಾಲಿ ಬೆಂಚಿನ ಮ್ಯಾಲ ಒಂದ ಸಾಲಾಗಿ ಕುಂತ್ವು.
ಎರಡೂವರಿ ದಿನ. ಅರವತ್ತೊಂದು ಪರವಾನಗಿ.

ಸಂಜೀಕ ಯಾರೂ ನಗಲಿಲ್ಲ.
ಎರಡೂವರಿ ದಿನದ ಕೆಲಸ ಇದು ಅಂದ್ರ
ಆ ಎಂಟು ತಿಂಗಳು ಯಾರ ಹೆಸರಿಲೆ ಜಮಾ?
ಮಾನಪ್ಪ ಕೇಳಿದ. ಮೇಡಂ ಪೆನ್ನಿನ ಟೊಪಗಿ ಹುಡುಕತಿದ್ರು.

ಆಮ್ಯಾಲ ಕೇಳಿದ್ರು: "ನಿಮ್ಮ ನಲ್ಲಿ ಎಲ್ರಿ, ಮೌಲಾಲಿ?"
ನಕ್ಕುಬಿಟ್ಟೆ. ನೀರು ಬಿಡಾಂವಗ ನಲ್ಲಿ ಯಾಕ್ರಿ?
ಟಾಕಿ ಸೋರೂ ಕಡೆ ಕೊಡ ಇಡತಿದ್ಲು ನನ್ನಾಕಿ.
ಜಾಗಾನೂ ಟಾಕೀದ, ಕೈಬಾಯಿ ಮಾತಿನ ಮ್ಯಾಲ ಕೊಟ್ಟಿದ್ದು.
ಉತಾರದಾಗ ನಾ ಎಂದೂ ಹುಟ್ಟೇ ಇಲ್ಲ.

ನಿಂಬೆವ್ವ ಸೀರಿ ಎತ್ತಿ ಕಟ್ಟಿ ಕೆಸರಾಗ ಇಳದ್ಲು,
ನನ್ನ ಗ್ವಾಡಿ ಇದ್ದಲ್ಲಿ ನಿಂತು ಅಂದ್ಲು,
"ಬರಕೋರಿ ಬಾಯಾರ, ಪೂರ್ವಕ್ಕ ನಾ ಅದೀನಿ."
ಮೇಡಂ ಬರಕೊಂಡ್ರು, ಪೆನ್ಸಿಲಿಲೆ.
ಉಳಿದ ಮೂರು ದಿಕ್ಕು ಇನ್ನೂ ಖಾಲಿ ಅದಾವು.
ಗದಗಿಗೆ ಬರದು ಕೇಳ್ಯಾರಂತ.

ಇವತ್ತ ಮಂಗಳವಾರ.
ಕೆಳಗಿನ ಓಣ್ಯಾಗ ಗ್ವಾಡಿ ಸೊಂಟದ ಮಟ ಎದ್ದಾವು,
ಹಸಿ ಸಿಮೆಂಟು, ದಿನಾ ನೀರು ಕುಡೀಬೇಕಂತ.
ಕೀಲಿ ತಿರುವಿ, ವಾಲ್ವಿನ ಬಾಜೂ ಕುಂತೀನಿ.
ಅರ್ಧ ತಾಸು ಹೆಚ್ಚಿಗಿ ಬಿಡತೀನಿ,
ಯಾರಿಗೂ ಹೇಳಬ್ಯಾಡ್ರಿ.